ಹಳೇ ಕೋಚ್ ಒಳ್ಳೇವ್ನಾ ಕೆಟ್ಟವ್ನಾ, ಅಮೆರಿಕದ ಫುಟ್‌ಬಾಲ್ ಫ್ಯಾನ್ಸ್ ಲೆಕ್ಕ ಹಾಕೋ ರೀತಿ

ಪ್ರಶ್ನೆ: ನಾನು ಶಿವಮೊಗ್ಗದ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಮಗ ಪೆನ್ ಸ್ಟೇಟ್ ಯೂನಿವರ್ಸಿಟೀಲಿ ಎಂಎಸ್ ಮಾಡ್ತಿದಾನೆ. ಅಲ್ಲಿ ಕಾಲೇಜ್ ಫುಟ್‌ಬಾಲ್ ಹುಚ್ಚು ವಿಪರೀತ ಅಂತೆ. 2025ರ ಅಕ್ಟೋಬರಲ್ಲಿ ಜೇಮ್ಸ್ ಫ್ರಾಂಕ್ಲಿನ್ ಅನ್ನೋ ಕೋಚ್‌ನ ಜನ ಸ್ಟೇಡಿಯಂನಲ್ಲೇ "ತೆಗೀರಿ ಇವ್ನನ್ನ" ಅಂತ ಕೂಗಿ ಕಳಿಸಿದ್ರಂತೆ. ಅದೇ ಜನ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಹಗರಣದಲ್ಲಿ ಕೆಲಸ ಕಳ್ಕೊಂಡ ಜೋ ಪಟರ್ನೊ ಅನ್ನೋ ಹಳೇ ಕೋಚ್ ಬಗ್ಗೆ ಮಗ ಏನೋ ಅಂದಿದ್ದಕ್ಕೆ ಉರಿದು ಬಿದ್ದಿದಾರೆ, ರೂಮ್‌ಮೇಟ್ ಮಾತೇ ಬಿಟ್ಟಿದಾನೆ. ಓದಿದ ಜನ ಹೀಗ್ಯಾಕೆ ಆಡ್ತಾರೆ? ಒಬ್ಬ ಕೋಚ್‌ನ ಗುಣ ಅಳೆಯೋದಕ್ಕೆ ಅವ್ರ ಹತ್ರ ಇರೋ ಅಳತೆಗೋಲು ಯಾವ್ದು?

ಉತ್ತರ: ಮೇಷ್ಟ್ರೇ, ಮೊದಲು ಆ ರೂಮ್‌ಮೇಟ್ ವಿಷ್ಯ. ಪಟರ್ನೊನ ಕೆಲಸದಿಂದ ತೆಗೆದಿದ್ದು 2011ರ ನವೆಂಬರ್ 9ಕ್ಕೆ, ಆ ಹುಡುಗ ಆವಾಗ ಇನ್ನೂ ಪ್ರೈಮರಿ ಸ್ಕೂಲಲ್ಲಿ ಇದ್ದಿರ್ತಾನೆ, ಹಂಗಾಗಿ ಅವ್ನು ಪಟರ್ನೊನ ಸ್ವತಃ ನೋಡಿ ಮೆಚ್ಕೊಂಡಿರೋ ಸಾಧ್ಯತೆ ಕಮ್ಮಿ, ಮನೇಲಿ ಅಪ್ಪನೋ ತಾತನೋ ಶನಿವಾರ ಶನಿವಾರ ಟಿವಿ ಮುಂದೆ ಹೇಳಿದ್ದನ್ನ ಕೇಳ್ಕೊಂಡು ಬೆಳೆದಿರ್ತಾನೆ. ನಿಮ್ಮ ಮಗ ಸತ್ತು ಹೋದ ಒಬ್ಬ ಕೋಚ್ ಬಗ್ಗೆ ಮಾತಾಡಿದೀನಿ ಅಂದ್ಕೊಂಡಿದಾನೆ, ಆ ಹುಡುಗನ ಕಿವಿಗೆ ಅದು ಅವ್ರ ತಾತನಿಗೆ ಬೈದ ಹಾಗೆ ಕೇಳ್ಸಿದೆ.

ಇನ್ನೊಂದು, ನಾನಿರೋದು ಓಹಾಯೋದಲ್ಲಿ, ಈ ಆಟದ ಬಗ್ಗೆ ಬರೆಯೋದೇ ನನ್ನ ಕಸುಬು, ಮನಸ್ಸು ಸ್ವಲ್ಪ ಇಲ್ಲಿನ ಓಹಾಯೋ ಸ್ಟೇಟ್ ಯೂನಿವರ್ಸಿಟಿ ಟೀಮಿನ ಕಡೆ ವಾಲಿರುತ್ತೆ. ಅದನ್ನ ತಲೇಲಿ ಇಟ್ಕೊಂಡೇ ಮುಂದೆ ಓದಿ.

ನಮ್ಮಲ್ಲಿ ಕ್ರಿಕೆಟ್ ಕೋಚ್ ಹೆಸರು ಎಷ್ಟು ಜನಕ್ಕೆ ಗೊತ್ತಿರುತ್ತೆ? ನಾವು ಪೂಜೆ ಮಾಡೋದು ಬೈಯೋದು ಎರಡೂ ಆಟಗಾರನಿಗೇ. ಇಲ್ಲಿ ಕಾಲೇಜ್ ಫುಟ್‌ಬಾಲಲ್ಲಿ (ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರಲ್ಲ, ಅದು) ಹುಡುಗ್ರು ಮೂರು ನಾಲ್ಕು ವರ್ಷ ಆಡಿ ಹೊರಟು ಹೋಗ್ತಾರೆ, ಉಳಿಯೋದು ಕೋಚ್ ಒಬ್ಬನೇ. ಊರಿನ ಹೈಸ್ಕೂಲಲ್ಲಿ ಮೂವತ್ತು ವರ್ಷ ಹೆಡ್‌ಮೇಷ್ಟ್ರಾಗಿದ್ದೋರ ಹೆಸರಲ್ಲೇ ಜನ ಆ ಸ್ಕೂಲನ್ನ ಗುರುತಿಸ್ತಾರಲ್ಲ, ಹಂಗೆ, ನಿಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಪಟರ್ನೊ 1966ರಿಂದ 2011ರ ತನಕ ಹೆಡ್ ಕೋಚ್, ಅಷ್ಟು ಹೊತ್ತಿಗೆ ಒಂದೇ ಮನೇಲಿ ಮೂರು ತಲೆಮಾರು ಅದೇ ಮುಖ ನೋಡ್ಕೊಂಡು ಬಂದಾಗಿತ್ತು.

ಗುಣದ ಮಾತು ಇಷ್ಟು ಜೋರಾಗಿ ಬರೋದಕ್ಕೆ ಇನ್ನೊಂದು ಕಾರಣ ಇದೆ, ಹೊರಗಿನವರಿಗೆ ಬೇಗ ಕಾಣಲ್ಲ. ತುಂಬಾ ವರ್ಷ ಈ ಹುಡುಗ್ರಿಗೆ ಸ್ಕಾಲರ್‌ಶಿಪ್ ಬಿಟ್ರೆ ಸಂಬಳ ಅಂತ ಇರಲಿಲ್ಲ, ಕೋಚಿಗೆ ಮಾತ್ರ ಕೋಟಿ ಕೋಟಿ, ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ದುಡ್ಡು ತಗೊಳ್ಳೋರಲ್ಲಿ ಅತಿ ಹೆಚ್ಚು ಸಂಬಳ ಗವರ್ನರ್‌ಗಲ್ಲ, ಯೂನಿವರ್ಸಿಟಿ ಕೋಚಿಗೆ. ಇದು ಸರೀನಾ ಅಂತ ಯಾರಾದ್ರೂ ಕೇಳಿದ್ರೆ ಕೊಡ್ತಿದ್ದ ಉತ್ತರ ಒಂದೇ, "ಇವ್ರು ಆಟ ಅಷ್ಟೇ ಕಲಿಸಲ್ಲ, ಹುಡುಗ್ರನ್ನ ಮನುಷ್ಯರನ್ನಾಗಿ ಮಾಡ್ತಾರೆ." ಕೋಚು ಹದಿನೇಳು ವರ್ಷದ ಹುಡುಗನ ಮನೆಗೆ ಹೋಗಿ ಸೋಫಾ ಮೇಲೆ ಕೂತು ಅವ್ರಮ್ಮನ ಹತ್ರ "ನಿಮ್ಮ ಮಗನ್ನ ನಾನು ನೋಡ್ಕೋತೀನಿ" ಅಂತ ಮಾತು ಕೊಟ್ಟು ಟೀಮಿಗೆ ಕರ್ಕೊಂಡು ಬರೋದು ಈ ಧಂಧೆಯ ದಿನನಿತ್ಯದ ಕೆಲಸ, ಅಲ್ಲಿ ಮಾರಾಟ ಆಗೋದೇ ಕೋಚಿನ ಒಳ್ಳೇತನ. ಫ್ಯಾನ್ಸು ಆ ಜಾಹೀರಾತನ್ನ ನಂಬಿ ದುಡ್ಡು, ಟೈಮು, ಕಣ್ಣೀರು ಎಲ್ಲಾ ಸುರಿದಿರ್ತಾರೆ, ಆಮೇಲೆ ಒಂದಿನ ಅದು ಸುಳ್ಳು ಅಂದ್ರೆ ಮೋಸ ಹೋದವರು ನಾವೇ ಅಂತ ಒಪ್ಕೋಬೇಕಾಗುತ್ತೆ, ಅದು ಯಾರಿಗೆ ಬೇಕು ಹೇಳಿ.

ನನ್ನ ಊರಿನ ಟೀಮಿಂದಲೇ ಶುರು ಮಾಡ್ತೀನಿ, ಬೇರೆಯವ್ರ ಮನೆ ದೋಸೆ ತೂತು ಆಮೇಲೆ ಎಣಿಸೋಣ.

ವುಡಿ ಹೇಯ್ಸ್. 1951ರಿಂದ 1978ರ ತನಕ ಓಹಾಯೋ ಸ್ಟೇಟ್ ಕೋಚು, 205 ಗೆಲುವು. ಮುಂಗೋಪಿ ಅಂತ ಊರಿಗೇ ಗೊತ್ತು. 1978ರ ಡಿಸೆಂಬರ್ 29, ಗೇಟರ್ ಬೌಲ್ ಮ್ಯಾಚು, ಎದುರಿಗೆ ಕ್ಲೆಮ್ಸನ್. ಓಹಾಯೋ 15, ಕ್ಲೆಮ್ಸನ್ 17, ಮ್ಯಾಚ್ ಮುಗಿಯೋಕೆ ಬಂದಿದೆ, ಓಹಾಯೋ ಹುಡುಗ ಎಸೆದ ಪಾಸನ್ನ ಕ್ಲೆಮ್ಸನ್ನಿನ ಚಾರ್ಲಿ ಬೌಮನ್ ಹಿಡ್ಕೊಂಡು ಓಡಿದ, ಓಡ್ತಾ ಗೆರೆ ದಾಟಿ ಓಹಾಯೋದವ್ರು ನಿಂತಿರೋ ಕಡೇಗೇ ಬಂದ್ಬಿಟ್ಟ. 65 ವರ್ಷದ ಹೇಯ್ಸ್ ಆ ಹುಡುಗನ ಅಂಗಿ ಹಿಡ್ಕೊಂಡು ಗಂಟಲ ಹತ್ರ ಗುದ್ದಿದ. ಟಿವಿಯಲ್ಲಿ ದೇಶ ಎಲ್ಲಾ ನೋಡ್ತು. ಮಾರನೇ ದಿನ ಬೆಳಿಗ್ಗೆ ಕೆಲಸ ಹೋಯ್ತು. 28 ವರ್ಷದ ಸರ್ವೀಸು ಅಷ್ಟಕ್ಕೇ ಮುಗೀತು.

ಈಗ ಓಹಾಯೋ ಸ್ಟೇಟ್ ಇರೋ ಊರು ಕೊಲಂಬಸ್‌ಗೆ ಬಂದು ನೋಡಿ, ಸ್ಟೇಡಿಯಂ ಪಕ್ಕದ ರಸ್ತೆಗೆ ಅವನ ಹೆಸರು, ಪ್ರಾಕ್ಟೀಸ್ ಮಾಡೋ ಕಟ್ಟಡಕ್ಕೆ ಅವನ ಹೆಸರು. ಗುದ್ದಿ ಐದು ವರ್ಷಕ್ಕೆ, 1983ರಲ್ಲಿ, ಯೂನಿವರ್ಸಿಟಿ ಬ್ಯಾಂಡು ಮೈದಾನದಲ್ಲಿ ರಾಜ್ಯದ ಹೆಸರನ್ನ ಅಕ್ಷರವಾಗಿ ಬರೆಯುತ್ತಲ್ಲ, ಅದರಲ್ಲಿ 'i' ಅಕ್ಷರದ ಮೇಲಿನ ಚುಕ್ಕೆ ಆಗಿ ನಿಲ್ಲೋ ಗೌರವ ಅವನಿಗೆ ಕೊಟ್ರು, ಅದು ಇಲ್ಲಿ ಸಣ್ಣ ಮರ್ಯಾದೆ ಅಲ್ಲ. ಹಳಬರನ್ನ ಕೇಳಿದ್ರೆ ಆಸ್ಪತ್ರೇಲಿ ಯಾರನ್ನ ನೋಡೋಕೆ ಹೋಗಿದ್ದ, ಯಾವ ಹುಡುಗನ ಡಿಗ್ರಿ ಮುಗಿಸೋಕೆ ಹಿಂದೆ ಬಿದ್ದಿದ್ದ ಅಂತ ಗಂಟೆಗಟ್ಟಲೆ ಹೇಳ್ತಾರೆ, ಗುದ್ದಿನ ಮಾತು ಬಂದ್ರೆ "ಅದೊಂದು ಕ್ಷಣ" ಅಂತಾರೆ. ನನ್ನ ಪ್ರಕಾರ ಹೇಯ್ಸ್ ವಿಷಯದಲ್ಲಿ ಈ ತೀರ್ಪು ಹೆಚ್ಚುಕಮ್ಮಿ ಸರಿ, ಯಾಕಂದ್ರೆ ಮಾಡಿದ ತಪ್ಪು ಎಲ್ಲರ ಕಣ್ಣೆದುರೇ ಆಯ್ತು, ಶಿಕ್ಷೆನೂ ಮಾರನೇ ದಿನವೇ ಆಯ್ತು, ಮುಚ್ಚಿಟ್ಟಿದ್ದು ಏನೂ ಇರಲಿಲ್ಲ.

ಅವನಾದ ಮೇಲೆ ಬಂದವರಲ್ಲಿ ಜಾನ್ ಕೂಪರ್ ಅಂತ ಒಬ್ಬ. 13 ಸೀಸನ್ನು, 111 ಗೆಲುವು, ಒಳ್ಳೊಳ್ಳೆ ಆಟಗಾರರನ್ನ ತಂದ. ಆದ್ರೆ ಬದ್ಧ ಎದುರಾಳಿ ಮಿಶಿಗನ್ ಮೇಲೆ 13 ಮ್ಯಾಚಲ್ಲಿ ಗೆದ್ದಿದ್ದು ಎರಡು, ಒಂದು ಡ್ರಾ, ಹತ್ತು ಸೋಲು. ಮಿಶಿಗನ್ ಅಂದ್ರೆ ಓಹಾಯೋಗೆ ಏನು ಅಂತ ಹೇಳೋಕೆ ಇನ್ನೊಂದು ಲೇಖನ ಬೇಕು. ಕೂಪರ್‌ನ ಕಳಿಸೋ ಹೊತ್ತಿಗೆ ಟೀಮಲ್ಲಿ ಶಿಸ್ತಿಲ್ಲ, ಹುಡುಗ್ರು ಓದ್ತಿಲ್ಲ ಅಂತೆಲ್ಲಾ ಜನಕ್ಕೆ ನೆನಪಾಯ್ತು. ಮಿಶಿಗನ್ ಮೇಲೆ ಹತ್ತು ಸಲ ಗೆದ್ದಿದ್ರೆ ಆ ಓದಿನ ಚಿಂತೆ ಎಷ್ಟು ಜನಕ್ಕೆ ಬರ್ತಿತ್ತು ಅಂತ ನನಗೆ ಡೌಟು.

ಆಮೇಲೆ 2001ಕ್ಕೆ ಬಂದಿದ್ದು ಜಿಮ್ ಟ್ರೆಸೆಲ್. ತೋಳಿಲ್ಲದ ಸ್ವೆಟರು, ನಯವಾದ ಮಾತು, ದೇವರ ಭಕ್ತಿ, ಜನ "ಸೆನೆಟರ್" ಅಂತ ಕರೀತಿದ್ರು. 2002ರಲ್ಲಿ ನ್ಯಾಷನಲ್ ಚಾಂಪಿಯನ್, ಮೈದಾನದ ಲೆಕ್ಕದಲ್ಲಿ ಮಿಶಿಗನ್ ಮೇಲೆ ಹತ್ತಕ್ಕೆ ಒಂಬತ್ತು. 2010ರ ಏಪ್ರಿಲಲ್ಲಿ ಅವನಿಗೆ ಒಂದು ಈಮೇಲ್ ಬಂತು, ನಿನ್ನ ಹುಡುಗ್ರು ತಮಗೆ ಕೊಟ್ಟ ಉಂಗುರ ಪದಕ ಜೆರ್ಸಿ ಎಲ್ಲಾ ಒಂದು ಟ್ಯಾಟೂ ಅಂಗಡಿಯವನಿಗೆ ಕೊಟ್ಟು ದುಡ್ಡು, ಟ್ಯಾಟೂ ತಗೋತಿದಾರೆ ಅಂತ. ನಿಯಮದ ಪ್ರಕಾರ ಕೂಡ್ಲೇ ಯೂನಿವರ್ಸಿಟಿಗೆ ತಿಳಿಸ್ಬೇಕಿತ್ತು. ತಿಳಿಸಲಿಲ್ಲ. ಸೆಪ್ಟೆಂಬರಲ್ಲಿ "ನನಗೆ ಯಾವ ನಿಯಮ ಉಲ್ಲಂಘನೆನೂ ಗೊತ್ತಿಲ್ಲ" ಅಂತ ಇರೋ ಫಾರಮ್ಮಿಗೆ ಸೈನ್ ಹಾಕಿದ. ಸೀಸನ್ ಪೂರ್ತಿ ಆ ಹುಡುಗ್ರನ್ನ ಆಡಿಸಿದ, ಗೆದ್ದ, 2011ರ ಮೇ ಕೊನೇಲಿ ರಾಜೀನಾಮೆ. ಆ ವರ್ಷದ ಗೆಲುವೆಲ್ಲಾ ರೆಕಾರ್ಡಿಂದ ಅಳಿಸಿದ್ರು.

ಈಗ ಇದನ್ನ ಸ್ವಲ್ಪ ನಿಧಾನಕ್ಕೆ ಓದಿ ಮೇಷ್ಟ್ರೇ. ಟ್ರೆಸೆಲ್ ಮುಚ್ಚಿಟ್ಟಿದ್ದಕ್ಕೆ ಶಿಕ್ಷೆಯಾಗಿ 2012ರಲ್ಲಿ ಓಹಾಯೋ ಸ್ಟೇಟ್ ಸೀಸನ್ ಕೊನೇ ಬೌಲ್ ಮ್ಯಾಚ್ ಆಡೋ ಹಾಗಿಲ್ಲ ಅಂತ ಎನ್‌ಸಿಎಎ (ಕಾಲೇಜ್ ಆಟಗಳ ನಿಯಮ ನೋಡ್ಕೊಳ್ಳೋ ಸಂಸ್ಥೆ) ನಿಷೇಧ ಹಾಕಿತ್ತು. ಆ ವರ್ಷವೇ ಆ ಟೀಮು ಹನ್ನೆರಡಕ್ಕೆ ಹನ್ನೆರಡೂ ಗೆಲ್ತು! ಒಂದೂ ಸೋಲದ ಟೀಮು ಚಾಂಪಿಯನ್‌ಶಿಪ್‌ಗೆ ಹೋಗದೆ ಮನೇಲಿ ಕೂರ್ತು, ಕಾರಣ ಟ್ರೆಸೆಲ್. ಹನ್ನೆರಡನೇ ಮ್ಯಾಚು ನವೆಂಬರ್ 24ಕ್ಕೆ ಮಿಶಿಗನ್ ಜೊತೆ, ಕೊಲಂಬಸ್ಸಲ್ಲೇ. ಅವತ್ತು 2002ರ ಚಾಂಪಿಯನ್ ಟೀಮನ್ನ ಮೈದಾನಕ್ಕೆ ಕರೆದು ಸನ್ಮಾನ ಇಟ್ಕೊಂಡಿದ್ರು, ಟ್ರೆಸೆಲ್ಲೂ ಬಂದ, ಹಳೇ ಆಟಗಾರರು ಅವನನ್ನ ಹೆಗಲ ಮೇಲೆ ಎತ್ಕೊಂಡ್ರು, ಲಕ್ಷಕ್ಕೂ ಹೆಚ್ಚು ಜನ ಎದ್ದು ಚಪ್ಪಾಳೆ. ಯಾರಿಂದ ತಮ್ಮ ಹುಡುಗ್ರಿಗೆ ಆ ವರ್ಷದ ಫೈನಲ್ ತಪ್ಪಿತ್ತೋ ಅವನಿಗೇ, ಅದೇ ಮೈದಾನದಲ್ಲಿ, ಅದೇ ದಿನ. ಆಮೇಲೆ ಅವನು ಯಂಗ್ಸ್‌ಟೌನ್ ಸ್ಟೇಟ್ ಯೂನಿವರ್ಸಿಟಿಗೆ ಪ್ರೆಸಿಡೆಂಟ್ ಆದ, 2025ರ ಫೆಬ್ರವರಿಲಿ ಓಹಾಯೋ ರಾಜ್ಯದ ಲೆಫ್ಟಿನೆಂಟ್ ಗವರ್ನರೂ ಆದ.

ಟ್ರೆಸೆಲ್ ಪರ ನನ್ನೊಳಗಿನ ಫ್ಯಾನ್ ಹೇಳೋ ಮಾತು ಇದು, ಹುಡುಗ್ರು ಮಾರಿದ್ದು ತಮ್ಮದೇ ವಸ್ತು, ಮತ್ತೆ 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿಂದ ದುಡ್ಡು ಮಾಡ್ಕೋಬಹುದು, 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ಸಂಬಳದ ಹಾಗೆ ಕೊಡ್ತಿವೆ, ಹಂಗಾಗಿ ಅವತ್ತಿನ ಪಾಪ ಇವತ್ತು ವ್ಯಾಪಾರ. ಅದು ನಿಜ. ಆದ್ರೆ ಹುಡುಗ್ರ ತಪ್ಪು ಸಣ್ಣದಾಯ್ತು ಅಂತ ಸುಳ್ಳು ಫಾರಮ್ಮಿಗೆ ಹಾಕಿದ ಸೈನ್ ಸಣ್ಣದಾಗಲ್ಲ, ಕೊಲಂಬಸ್ಸಲ್ಲಿ ಇದನ್ನ ಹೇಳಿ ನಾನು ತುಂಬಾ ಫ್ರೆಂಡ್ಸನ್ನ ಸಂಪಾದಿಸಿಲ್ಲ ಬಿಡಿ.

ಗೆದ್ದೆತ್ತಿನ ಬಾಲ ಹಿಡೀತಾರೆ ಅಷ್ಟೇ ಅಂತ ಇಲ್ಲಿಗೇ ಮುಗಿಸ್ಬೋದು, ಆದ್ರೆ ಅಷ್ಟು ಸಲೀಸಿಲ್ಲ. ಗೆಲುವಿಗಿಂತ ಜಾಸ್ತಿ ಕೆರಳಿಸೋದು ಬಿಟ್ಟು ಹೋಗೋದು. ಲೇನ್ ಕಿಫಿನ್ ಅಂತ ಒಬ್ಬ, ಟೆನ್ನೆಸ್ಸಿಯಲ್ಲಿ 2009ರಲ್ಲಿ ಒಂದೇ ಸೀಸನ್ ಇದ್ದ, 7 ಗೆದ್ದು 6 ಸೋತ, 2010ರ ಜನವರಿಲಿ ರಾತ್ರೋರಾತ್ರಿ ಕ್ಯಾಲಿಫೋರ್ನಿಯಾದ ಯುಎಸ್‌ಸಿ ಟೀಮಿಗೆ ಹಾರಿದ. ಹುಡುಗ್ರು ಬೀದಿಗಿಳಿದು ಹಾಸಿಗೆ ಸುಟ್ರು. 2021ರಲ್ಲಿ, ಹನ್ನೊಂದು ವರ್ಷ ಆದ್ಮೇಲೆ, ಬೇರೆ ಟೀಮಿನ ಕೋಚಾಗಿ ಅದೇ ಮೈದಾನಕ್ಕೆ ಬಂದಾಗ ಮೇಲಿಂದ ಬಾಟಲಿ, ಗಾಲ್ಫ್ ಬಾಲು, ಸಾಸಿವೆ ಡಬ್ಬಿ ಕೂಡ ತೂರಿ ಬಂತು, ಮ್ಯಾಚ್ ನಿಲ್ಲಿಸ್ಬೇಕಾಯ್ತು. ಕಿಫಿನ್ ಅವತ್ತು ಮಾಡಿದ್ದು ಕೆಲಸ ಬದಲಾಯಿಸಿದ್ದು, ಬೆಂಗಳೂರಿನ ಐಟಿ ಹುಡುಗ್ರು ವರ್ಷಕ್ಕೊಂದ್ಸಲ ಮಾಡೋದು. (2025ರ ನವೆಂಬರ್ ಕೊನೇಲಿ ಅವನು ಅದನ್ನೇ ಓಲ್ ಮಿಸ್ ಟೀಮಿಗೂ ಮಾಡಿದ, ಟೀಮು ಪ್ಲೇಆಫ್ ಹೊಸ್ತಿಲಲ್ಲಿ ಇರೋವಾಗ ಎದುರಾಳಿ ಎಲ್‌ಎಸ್‌ಯುಗೆ ಹೊರಟ. ಗುಣ ಅಂದ್ರೆ ರಿಪೀಟ್ ಆಗೋದು ಅನ್ನೋದಾದ್ರೆ ಟೆನ್ನೆಸ್ಸಿಯವರು ಅಷ್ಟು ತಪ್ಪು ಹೇಳಿರಲಿಲ್ಲ.)

ಇನ್ನು ಬಾಬಿ ಪೆಟ್ರಿನೊ, ಆರ್ಕನ್ಸಾ ಟೀಮಿನ ಕೋಚು. 2012ರ ಏಪ್ರಿಲ್ 1ಕ್ಕೆ ಬೈಕಿಂದ ಬಿದ್ದ, ಒಬ್ಬನೇ ಇದ್ದೆ ಅಂದ, ಕುತ್ತಿಗೆಗೆ ಪಟ್ಟಿ ಹಾಕ್ಕೊಂಡು ಮುಖ ಎಲ್ಲಾ ಕೆತ್ತಿಸ್ಕೊಂಡು ಪತ್ರಕರ್ತರ ಮುಂದೆ ಕೂತ. ಹಿಂದಿನ ಸೀಟಲ್ಲಿ ಯಾರಿದ್ರು ಅಂತ ಪೊಲೀಸ್ ರಿಪೋರ್ಟ್ ಹೇಳ್ತು, ತಾನೇ ಕೆಲಸಕ್ಕೆ ಸೇರಿಸ್ಕೊಂಡಿದ್ದ ಯುವತಿ, ಸಂಬಂಧನೂ ಇತ್ತು. ಹತ್ತೇ ದಿನದೊಳಗೆ ಕೆಲಸ ಹೋಯ್ತು. ಅದೇ ಆರ್ಕನ್ಸಾ 2024ಕ್ಕೆ ಅವನನ್ನ ಸಹಾಯಕ ಕೋಚಾಗಿ ವಾಪಸ್ ಕರೀತು, 2025ರಲ್ಲಿ ಕೆಲವು ವಾರ ತಾತ್ಕಾಲಿಕ ಹೆಡ್ ಕೋಚ್ ಕೂಡ ಮಾಡ್ತು. ಅವನು ಹೋದ್ಮೇಲೆ ಸೋತಷ್ಟು ವರ್ಷ ಜನಕ್ಕೆ ಆ ಬೈಕು ಚಿಕ್ಕದಾಗ್ತಾ ಬಂತು.

ಇಲ್ಲೀತನಕ ಹೇಳಿದ್ದರಲ್ಲಿ ನಗೋಕೆ ಜಾಗ ಇದೆ. ಮುಂದಿನದ್ರಲ್ಲಿ ಇಲ್ಲ.

ನೆಬ್ರಾಸ್ಕಾದ ಟಾಮ್ ಓಸ್ಬೋರ್ನ್, 1973ರಿಂದ 1997, 255 ಗೆಲುವು, ಕುಡಿಯಲ್ಲ, ಬೈಯಲ್ಲ, ದೇವರ ಭಯ ಇರೋ ಮನುಷ್ಯ ಅಂತ ಹೆಸರು. 1995ರ ಸೆಪ್ಟೆಂಬರಲ್ಲಿ ಅವನ ಸ್ಟಾರ್ ಆಟಗಾರ ಲಾರೆನ್ಸ್ ಫಿಲಿಪ್ಸ್ ತನ್ನ ಹಳೇ ಗೆಳತಿಯ ಮೇಲೆ ಹಲ್ಲೆ ಮಾಡಿದ, ಕೂದಲು ಹಿಡಿದು ಮೆಟ್ಟಿಲ ಮೇಲಿಂದ ಎಳೆದ. ಆ ಹುಡುಗಿನೂ ಅದೇ ಯೂನಿವರ್ಸಿಟಿಯ ಆಟಗಾರ್ತಿ. ಓಸ್ಬೋರ್ನ್ ಆರು ಮ್ಯಾಚ್ ಹೊರಗಿಟ್ಟು ಮತ್ತೆ ಸೇರಿಸ್ಕೊಂಡ, ಫುಟ್‌ಬಾಲಿನ ಶಿಸ್ತು ಕಿತ್ತುಕೊಂಡ್ರೆ ಈ ಹುಡುಗ ಪೂರ್ತಿ ಹಾಳಾಗ್ತಾನೆ ಅನ್ನೋದು ಅವನ ವಾದ. ಫೈನಲ್ಲಲ್ಲಿ ಫಿಲಿಪ್ಸ್ 165 ಯಾರ್ಡ್ ಓಡಿದ, ನೆಬ್ರಾಸ್ಕಾ ಚಾಂಪಿಯನ್. ಓಸ್ಬೋರ್ನ್ ಮನಸಲ್ಲಿ ನಿಜವಾಗ್ಲೂ ಹುಡುಗನ ಮೇಲೆ ಕಾಳಜಿ ಇತ್ತು ಅಂತಲೇ ನಾನು ನಂಬೋದು. ಆದ್ರೆ ಆ ಕಾಳಜಿಗೂ ಟೀಮಿನ ಲಾಭಕ್ಕೂ ಒಂದೇ ದಾರಿ ಆದಾಗ ಅದು ಕಾಳಜಿ ಅಂತ ಸಾಬೀತು ಮಾಡೋದು ಹೇಗೆ? ಟೀಮಿಂದ ತೆಗೆದು, ಸ್ಕಾಲರ್‌ಶಿಪ್ ಉಳಿಸಿ, ಚಿಕಿತ್ಸೆ ಕೊಡ್ಸಿದ್ರೆ ಅಳತೆ ಸಿಗ್ತಿತ್ತು. ನೆಬ್ರಾಸ್ಕಾ ಜನ 2000ದಲ್ಲಿ ಓಸ್ಬೋರ್ನ್‌ನ ಭಾರಿ ಬಹುಮತದಿಂದ ಅಮೆರಿಕದ ಸಂಸತ್ತಿಗೆ ಕಳಿಸಿದ್ರು. ಫಿಲಿಪ್ಸ್ ಮುಂದೆ ಇನ್ನಷ್ಟು ಹಿಂಸೆಯ ಕೇಸಲ್ಲಿ ಸಿಕ್ಕಿ 2016ರಲ್ಲಿ ಕ್ಯಾಲಿಫೋರ್ನಿಯಾ ಜೈಲಲ್ಲಿ ಸತ್ತ.

ಟೆಕ್ಸಸ್ಸಿನ ಬೇಯ್ಲರ್ ಯೂನಿವರ್ಸಿಟೀಲಿ ಕೋಚ್ ಆರ್ಟ್ ಬ್ರೈಲ್ಸ್ ಕಥೆ ಇನ್ನೂ ಕೆಟ್ಟದು. ವರ್ಷಾನುಗಟ್ಟಲೆ ಸೋಲ್ತಿದ್ದ ಟೀಮನ್ನ ಮೇಲೆತ್ತಿದ, ಹೊಸ ಸ್ಟೇಡಿಯಂ ಎದ್ದು ನಿಂತು, 2016ರ ಮೇನಲ್ಲಿ ತನಿಖೆಯ ತೀರ್ಮಾನ ಹೊರಗೆ ಬಂತು, ಆಟಗಾರರ ಮೇಲೆ ಲೈಂಗಿಕ ದೌರ್ಜನ್ಯದ ದೂರು ಬಂದಾಗ ಫುಟ್‌ಬಾಲ್ ಸ್ಟಾಫ್ ದೂರು ಕೊಟ್ಟವರ ಜೊತೆ ನೇರವಾಗಿ ಮಾತಾಡಿ, ಮೇಲಕ್ಕೆ ವರದಿ ಮಾಡದೇ ಬಿಟ್ಟಿದ್ದೂ ಇತ್ತು ಅಂತ. ಬ್ರೈಲ್ಸ್‌ನ ತೆಗೆದ್ರು. ಆ ನವೆಂಬರಲ್ಲಿ ಒಂದಷ್ಟು ಫ್ಯಾನ್ಸ್ ಅವನ ಬೆಂಬಲಕ್ಕೆ ಕಪ್ಪು ಟೀಶರ್ಟ್ ಹಾಕ್ಕೊಂಡು ಸ್ಟೇಡಿಯಂಗೆ ಬಂದ್ರು. ಅದೇ ಕ್ಯಾಂಪಸ್ಸಲ್ಲಿ ಓದ್ತಿದ್ದ, ದೂರು ಕೊಟ್ಟಿದ್ದ ಹುಡುಗೀರು ಆ ಟೀಶರ್ಟ್‌ಗಳ ಮಧ್ಯೆ ನಡ್ಕೊಂಡು ಕ್ಲಾಸಿಗೆ ಹೋಗ್ಬೇಕಿತ್ತು, ಇದನ್ನ ಬರೆಯೋವಾಗ್ಲೂ ನನಗೆ ಸಿಟ್ಟು ಬರುತ್ತೆ.

ಈಗ ಪಟರ್ನೊ. ಮೊದ್ಲು ಜನ ಪ್ರೀತಿಸಿದ್ದು ಯಾಕೆ ಅನ್ನೋದು ತಿಳ್ಕೋಬೇಕು, ಅದು ಪೊಳ್ಳು ಅಲ್ಲ. ಬ್ರೌನ್ ಯೂನಿವರ್ಸಿಟೀಲಿ ಇಂಗ್ಲಿಷ್ ಸಾಹಿತ್ಯ ಓದಿದ್ದೋನು, ಹುಡುಗ್ರು ಡಿಗ್ರಿ ಮುಗಿಸ್ಲೇಬೇಕು ಅಂತ ಹಠ, 1973ರಲ್ಲಿ ಪ್ರೊಫೆಷನಲ್ ಟೀಮಿನ ದೊಡ್ಡ ಆಫರ್ ಬಿಟ್ಟು ಆ ಸಣ್ಣ ಊರಲ್ಲೇ ಉಳಿದ, ಗಂಡ ಹೆಂಡತಿ ಸೇರಿ ಯೂನಿವರ್ಸಿಟಿಗೆ ನಲವತ್ತು ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ರು, ಲೈಬ್ರರಿ ಕಟ್ಟಡಕ್ಕೆ ಇವತ್ತಿಗೂ ಅವ್ರ ಹೆಸರಿದೆ. ಲೈಬ್ರರಿಗೆ ದುಡ್ಡು ಎತ್ತೋಕೆ ಓಡಾಡಿದ ಫುಟ್‌ಬಾಲ್ ಕೋಚ್ ಎಷ್ಟು ಜನ ಸಿಗ್ತಾರೆ ಹೇಳಿ.

ಅವನ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿದ ಸಹಾಯಕ ಕೋಚ್ ಜೆರ್ರಿ ಸಂಡಸ್ಕಿ, 1999ರಲ್ಲಿ ರಿಟೈರ್ ಆದ, ಆದ್ರೆ ಕಟ್ಟಡದ ಒಳಗೆ ಓಡಾಟ ಹಂಗೇ ಇತ್ತು. 2001ರ ಫೆಬ್ರವರಿಲಿ ಒಬ್ಬ ಕಿರಿಯ ಸಹಾಯಕ, ಸಂಡಸ್ಕಿ ಒಬ್ಬ ಚಿಕ್ಕ ಹುಡುಗನ ಜೊತೆ ಶವರ್ ರೂಮಲ್ಲಿ ಇದ್ದಿದ್ದನ್ನ ನೋಡಿದ, ಮಾರನೇ ದಿನ ಬೆಳಿಗ್ಗೆ ಪಟರ್ನೊ ಮನೆಗೆ ಹೋಗಿ ಹೇಳಿದ. ಪಟರ್ನೊ ತನ್ನ ಮೇಲಿನವನಿಗೆ, ಅಂದ್ರೆ ಅಥ್ಲೆಟಿಕ್ ಡೈರೆಕ್ಟರ್‌ಗೆ ತಿಳಿಸಿದ. ಪೊಲೀಸಿಗೆ ಯಾರೂ ಹೋಗಲಿಲ್ಲ. ಸಂಡಸ್ಕಿ ಅರೆಸ್ಟ್ ಆಗಿದ್ದು 2011ರ ನವೆಂಬರಲ್ಲಿ. 2012ರ ಜೂನಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ 48 ಆರೋಪದಲ್ಲಿ 45 ಸಾಬೀತು, 30ರಿಂದ 60 ವರ್ಷ ಶಿಕ್ಷೆ. ಪಟರ್ನೊ ಮೇಲೆ ಕೇಸ್ ಹಾಕಲಿಲ್ಲ, 2012ರ ಜನವರಿಲಿ ಶ್ವಾಸಕೋಶದ ಕ್ಯಾನ್ಸರಲ್ಲಿ ತೀರ್ಕೊಂಡ. ಜುಲೈಲಿ ಯೂನಿವರ್ಸಿಟಿಯೇ ನೇಮಿಸಿದ ತನಿಖೆ ಪಟರ್ನೊ ಸೇರಿ ನಾಲ್ಕು ಜನ ಮುಚ್ಚಿಟ್ರು ಅಂತು, ಮನೆಯವರು ಅದನ್ನ ಒಪ್ಪದೆ ತಾವೇ ಬೇರೆ ವರದಿ ಮಾಡಿಸಿದ್ರು. ಪ್ರತಿಮೆ ತೆಗೆದ್ರು. 111 ಗೆಲುವು ಅಳಿಸಿದ್ರು, 2015ರಲ್ಲಿ ವಾಪಸ್ ಕೊಟ್ರು, ಹಂಗಾಗಿ ಅವನ ಒಟ್ಟು ಗೆಲುವು ಮತ್ತೆ 409. ಆ 409 ಟೀಶರ್ಟ್ ಮೇಲೆ, ಕಾರಿನ ಹಿಂದೆ ಎಲ್ಲಾ ಬಂತು.

ರೂಮ್‌ಮೇಟ್ ಹೇಳೋ ವಾದ ನನಗೆ ಬಾಯಿಪಾಠ, "ಅವ್ರು ಮೇಲಿನವರಿಗೆ ಹೇಳಿದ್ರು, ಮಿಕ್ಕಿದ್ದು ಮೇಲಿನವ್ರ ತಪ್ಪು." ಕಾನೂನಿನ ಕಣ್ಣಲ್ಲಿ ಇದಕ್ಕೆ ಬೆಲೆ ಇದೆ. ಆದ್ರೆ ನಾನು ಇನ್ನೊಂದು ಘಟನೆ ಪಕ್ಕಕ್ಕಿಟ್ಟು ನೋಡ್ತೀನಿ. 2004ರಲ್ಲಿ ಟೀಮು ಸೋಲ್ತಿದ್ದಾಗ ಯೂನಿವರ್ಸಿಟಿ ಪ್ರೆಸಿಡೆಂಟು, ಅದೇ ಅಥ್ಲೆಟಿಕ್ ಡೈರೆಕ್ಟರು ಇಬ್ರೂ ಪಟರ್ನೊ ಮನೆಗೆ ಹೋಗಿ ನೀವು ರಿಟೈರ್ ಆಗಿ ಅಂತ ಕೇಳ್ಕೊಂಡ್ರು, ಈ ಯಪ್ಪ ಆಗಲ್ಲ ಅಂತ ವಾಪಸ್ ಕಳಿಸಿದ, ಅವರಿಬ್ರೂ ಸುಮ್ನೆ ಹೋದ್ರು, ಇನ್ನೂ ಏಳು ಸೀಸನ್ ಇವನೇ ಕೋಚು. ತನ್ನ ಕುರ್ಚಿ ವಿಷ್ಯ ಬಂದಾಗ ಮೇಲಿನವರನ್ನ ಬಾಗಿಲಿಂದ ತಿರುಗಿಸಿ ಕಳಿಸೋ ತಾಕತ್ತು ಇದ್ದೋನು, ಒಬ್ಬ ಹುಡುಗನ ವಿಷ್ಯ ಬಂದಾಗ "ಮೇಲಿನವರಿಗೆ ಹೇಳಿದೀನಲ್ಲ" ಅಂದ್ರೆ ಆ ಎರಡು ಒಟ್ಟಿಗೆ ಹೊಂದಲ್ಲ ಮೇಷ್ಟ್ರೇ. ಆನೆ ನಡೆದಿದ್ದೇ ದಾರಿ ಅನ್ನೋ ಊರಲ್ಲಿ ಆನೆ ಹತ್ತು ವರ್ಷದಲ್ಲಿ ಒಂದ್ಸಲನಾದ್ರೂ ತಿರುಗಿ "ಆ ವಿಷ್ಯ ಏನಾಯ್ತು" ಅಂತ ಕೇಳ್ಬೋದಿತ್ತು. ಕೊನೇಲಿ ಅವನೇ ಹೇಳಿದ, ಈಗ ಹಿಂತಿರುಗಿ ನೋಡಿದ್ರೆ ಇನ್ನೂ ಹೆಚ್ಚು ಮಾಡ್ಬೇಕಿತ್ತು ಅನ್ಸುತ್ತೆ ಅಂತ. ಫ್ಯಾನ್ಸಲ್ಲಿ ತುಂಬಾ ಜನ ಅವನಷ್ಟೂ ಒಪ್ಪಲ್ಲ.

ನೀವು ಕೇಳಿದ ಅಳತೆಗೋಲು. ಫ್ಯಾನ್ಸ್ ಹತ್ರ ಇರೋದು "ನಮಗೇನು ಮಾಡಿದ" ಅನ್ನೋದು, ನಮ್ಮನ್ನ ಬಿಟ್ಟು ಹೋದ್ನಾ, ನಮ್ಮ ಎದುರಾಳಿನ ಸೋಲಿಸಿದ್ನಾ, ಅಷ್ಟೇ. ಹಂಗಾಗಿ ಕಿಫಿನ್‌ಗೆ ಸಾಸಿವೆ ಡಬ್ಬಿ, ಟ್ರೆಸೆಲ್‌ಗೆ ಹೆಗಲು. ನಾನು ನೋಡೋದು ಏಟು ಯಾರಿಗೆ ಬಿತ್ತು, ಅದು ಗೊತ್ತಾದ ಮಾರನೇ ದಿನದಿಂದ ಇವನೇನು ಮಾಡಿದ, ಮತ್ತೆ ಸರಿಯಾದದ್ದು ಮಾಡಿದ್ರೆ ಒಂದು ಮ್ಯಾಚಾದ್ರೂ ಕೈತಪ್ಪೋ ಹಾಗಿತ್ತಾ ಅನ್ನೋದು. ಮ್ಯಾಚ್ ಕೈತಪ್ಪೋ ಪರಿಸ್ಥಿತೀಲಿ ಸರಿಯಾಗಿ ನಡ್ಕೊಂಡ ಕೋಚ್‌ಗಳೂ ಇದಾರೆ, ಆದ್ರೆ ಅಂಥವ್ರ ಕಥೆ ಹೊರಗೆ ಬರೋದು ಅಪರೂಪ, ಯಾಕಂದ್ರೆ ಅಲ್ಲಿ ಹಗರಣನೇ ಆಗಿರಲ್ಲ.

ಇನ್ನೊಂದು ತಮಾಷೆ ಏನಂದ್ರೆ, ಒಬ್ಬ ಕೋಚ್‌ನ ಪಾಪದ ಪಟ್ಟಿ ಪಕ್ಕಾ ಬೇಕಾದ್ರೆ ಎದುರಾಳಿ ಫ್ಯಾನನ್ನ ಕೇಳ್ಬೇಕು, ತಾರೀಖು ಸಮೇತ ಹೇಳ್ತಾನೆ. ಮಿಶಿಗನ್ನಿನವರಿಗೆ ಟ್ರೆಸೆಲ್ ಈಮೇಲ್ ಬಾಯಿಪಾಠ. ಓಹಾಯೋದವರಿಗೆ ಮಿಶಿಗನ್ನಿನ ಹಳೇ ಕೋಚ್ ಬೋ ಶೆಂಬೆಕ್ಲರ್ ಕಾಲದ ಟೀಮ್ ಡಾಕ್ಟರ್ ಮೇಲೆ ಬಂದ ಲೈಂಗಿಕ ದೌರ್ಜನ್ಯದ ಆರೋಪಗಳು, 2022ರಲ್ಲಿ ಆ ಯೂನಿವರ್ಸಿಟಿ ಒಪ್ಕೊಂಡ 49 ಕೋಟಿ ಡಾಲರ್ ಪರಿಹಾರ, ಎಲ್ಲಾ ನಾಲಿಗೆ ತುದೀಲಿ. ಓಹಾಯೋ ಸ್ಟೇಟಲ್ಲೇ ಇನ್ನೊಬ್ಬ ಡಾಕ್ಟರು ಇಪ್ಪತ್ತು ವರ್ಷ ಕಮ್ಮಿ ಅಂದ್ರೂ 177 ವಿದ್ಯಾರ್ಥಿಗಳಿಗೆ ಅದನ್ನೇ ಮಾಡಿದ್ದ ಅಂತ 2019ರ ವರದಿ ಹೇಳಿದ್ದು ಮಾತ್ರ ಆವಾಗ ನೆನಪಾಗಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಎರಡೂ ಮನೇಲೂ.

ಮಗನಿಗೆ ಹೇಳಿ, ರೂಮ್‌ಮೇಟ್ ಜೊತೆ ಮತ್ತೆ ಮಾತು ಶುರುವಾದ್ರೆ ಪಟರ್ನೊ ತಪ್ಪಿತಸ್ಥನಾ ಅಂತ ಕೇಳೋದು ಬೇಡ, ನಿಮ್ಮ ತಾತ ಮೊದ್ಲ ಸಲ ಸ್ಟೇಡಿಯಂಗೆ ಕರ್ಕೊಂಡು ಹೋಗಿದ್ದು ಯಾವಾಗ ಅಂತ ಕೇಳ್ಲಿ. ಆಮೇಲೆ ಬೇಕಾದ್ರೆ ಆ 2004ರ ಮನೆ ಭೇಟಿ ವಿಷ್ಯ ಎತ್ತಲಿ, ಅದಕ್ಕೆ ಉತ್ತರ ಹುಡುಕೋಕೆ ಆ ಹುಡುಗನಿಗೂ ಸ್ವಲ್ಪ ಟೈಮ್ ಬೇಕಾಗುತ್ತೆ. ಓಹಾಯೋ ಸ್ಟೇಟ್ ಜೊತೆ ಮ್ಯಾಚ್ ಇರೋ ವಾರ ಮಾತ್ರ ಬೇಡ.